ಪೊರಕೆ ಬೇಡ, ಕನ್ನಡಕ ತನ್ನಿ

ಗಾಂಧಿ ಜಯಂತಿ ದಿನ ನಮ್ಮೂರಿನ ಕ್ಲಬ್ಬಿನ ನಿವೃತ್ತರೆಲ್ಲ ಸೇರಿ ಪಾರ್ಕ್ ಗುಡಿಸಿದರು. ಬಿಳಿ ಟೋಪಿ, ಹೊಸ ಗ್ಲೌಸು, ಉದ್ದ ಹಿಡಿಯ ಪೊರಕೆ. ಒಂದು ಗಂಟೆ ಶ್ರಮದಾನ, ಗ್ರೂಪ್ ಫೋಟೋ, ಉಪ್ಪಿಟ್ಟು ಕೇಸರಿಬಾತ್.

ಅದೇ ಪಾರ್ಕನ್ನ ಬೆಳಗ್ಗೆ ಐದೂವರೆಗೇ ಗುಡಿಸಿದ್ದು ನಮ್ಮವ್ವ. 'ಸಾಹೇಬ್ರು ಬರ್ತಾರೆ, ಒಂಚೂರು ಎಲೆ ಬಿಟ್ಟಿರ್ರಮ್ಮ' ಅಂತ ಮೇಸ್ತ್ರಿ ಹೇಳಿದ್ನಂತೆ. ಬಿಟ್ಟಿದ್ದರು.

ಆಮೇಲೆ ಅವ್ವಂಗೆ ಸನ್ಮಾನ. ಶಾಲು, ಹಾರ, ಚಪ್ಪಾಳೆ. ಸಭೆ ಮುಗಿದ ಮೇಲೆ ಅವರು ತಿಂದು ಬಿಟ್ಟ ತಟ್ಟೆ, ಪೇಪರ್ ಲೋಟ ಬಾಚಿ ಚೀಲಕ್ಕೆ ತುಂಬಿದ್ದು ಯಾರು? ಅದೇ ಶಾಲು ಸೊಂಟಕ್ಕೆ ಸುತ್ತಿಕೊಂಡ ಅವ್ವ.

'ಒಳ್ಳೇದು ಮಾಡಿದ್ರೂ ತಪ್ಪು ಹುಡುಕ್ತೀರಲ್ಲ' ಅಂತೀರಿ, ಗೊತ್ತು. ಹೌದು, ಹುಡುಕ್ತೀನಿ. ಈ ಸೇವೆಯ ಕಾಯಿಲೆ ಹಳೇದು. 1932ರಲ್ಲಿ, ಪೂನಾ ಒಪ್ಪಂದ ಆದ ಕೂಡಲೇ, ನಮ್ಮ ಉದ್ಧಾರಕ್ಕೆ ಅಂತ ಒಂದು ಸಂಘ ಹುಟ್ಟಿತು. ಅದೇ ಹರಿಜನ ಸೇವಕ ಸಂಘ ಆಯ್ತು. ಅಧ್ಯಕ್ಷರು ಬಿರ್ಲಾ. ಆ ನವೆಂಬರಿನಲ್ಲಿ ಲಂಡನ್ನಿಗೆ ಹೋಗುವ ಹಡಗಿನಿಂದ ಬಾಬಾಸಾಹೇಬರು ಅದರ ಕಾರ್ಯದರ್ಶಿ ಠಕ್ಕರ್ ಅವರಿಗೆ ಉದ್ದನೆಯ ಪತ್ರ ಬರೆದರು. ನಮ್ಮ ಜನರ ಗುಣ ತಿದ್ದೋಕೆ ಹೋಗಬೇಡಿ. ಬಾವಿ, ಶಾಲೆ, ಕೆಲಸ ಇವುಗಳ ಹಕ್ಕಿಗಾಗಿ ಹೋರಾಡಿ ಅನ್ನೋದು ಅದರ ತಿರುಳು. ಸಂಘ ಹಿಡಿದದ್ದು ಸೇವೆಯ ದಾರಿ.

ಸ್ವಾಮಿ, ನಿಮ್ಮ ಹತ್ರ ಪೊರಕೆಗಿಂತ ದೊಡ್ಡದು ಇದೆ. ನೀವು ಬ್ಯಾಂಕ್ ಮ್ಯಾನೇಜರ್ ಆಗಿದ್ದೋರು, ಎಂಜಿನಿಯರ್ ಆಗಿದ್ದೋರು, ವಕೀಲಿಕೆ ಮಾಡಿದೋರು. ನಿಮಗೆ ಪಿಂಚಣಿ ಇದೆ, ಅದಕ್ಕೇ ಶ್ರಮದಾನಕ್ಕೆ ಪುರುಸೊತ್ತಿದೆ. ಅವ್ವ ಗುತ್ತಿಗೆಯಲ್ಲಿ 19 ವರ್ಷ ಗುಡಿಸಿದ್ದಾಳೆ. 60 ಆದ ದಿನ 'ನಾಳೆಯಿಂದ ಬರಬೇಡಮ್ಮ' ಅಂದ್ರೆ ಮುಗೀತು. ಆಮೇಲೆ ಅವಳು ಯಾವ ಕ್ಲಬ್ಬಿಗೆ ಸೇರಬೇಕು?

ಮಲಗುಂಡಿ, ಒಳಚರಂಡಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಅಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಪರಿಹಾರ ಅಂದಿತ್ತು, 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಆ ದುಡ್ಡು ತಾನಾಗೇ ಮನೆಗೆ ನಡ್ಕೊಂಡು ಬರಲ್ಲ. ಅರ್ಜಿ ಬರೆಯೋರು ಬೇಕು, ಕಚೇರಿಗೆ ಅಲೆಯೋರು ಬೇಕು, ಇಂಗ್ಲಿಷಲ್ಲಿ ಜಬರಿಸಿ ಮಾತಾಡೋರು ಬೇಕು. ಇದಕ್ಕೆ ಯಾಕೆ ಗುಂಪು ಕಟ್ಟಲ್ಲ?

ಅದೇ ಕ್ಲಬ್ಬಿನ ಒಬ್ಬರು ಅವತ್ತಿನ ಫೋಟೋದಲ್ಲಿಲ್ಲ. ಬ್ಯಾಂಕಲ್ಲಿ ಗುಮಾಸ್ತರಾಗಿದ್ದೋರು. ಒಂದಿನ ವಾಕಿಂಗ್ ಬಂದಾಗ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವ್ವನ ಪಿಎಫ್ ಲೆಕ್ಕ ತೆಗೆಸಿ ನೋಡಿದರು. ಹನ್ನೊಂದು ತಿಂಗಳು ಸಂಬಳದಲ್ಲಿ ಶೇಕಡಾ 12 ಹಿಡಿದಿದ್ದಾರೆ, ಖಾತೆಗೆ ಕಟ್ಟೇ ಇಲ್ಲ! ಮೂರು ಸಲ ಪಿಎಫ್ ಆಫೀಸಿಗೆ ನಮ್ಮ ಜೊತೆ ಬಂದರು. ಏಳು ತಿಂಗಳದ್ದು ಬಂತು, ನಾಲ್ಕು ತಿಂಗಳದ್ದು ಬರಬೇಕು. ನಮ್ಮನೇಲಿ ಟೀ ಕುಡೀತಾರೆ, ಸಕ್ಕರೆ ಜಾಸ್ತಿ ಆಯ್ತು ಅಂತ ಬೈತಾರೆ. ಅದರ ಫೋಟೋ ಎಲ್ಲೂ ಬಂದಿಲ್ಲ.

ಬರೋ ಭಾನುವಾರ ಹತ್ತು ಗಂಟೆಗೆ ಕಸದ ಟಿಪ್ಪರ್ ನಿಲ್ಲೋ ಶೆಡ್ ಹತ್ರ ಬನ್ನಿ. 23 ಜನ ಪಾಸ್‌ಬುಕ್, ಸಂಬಳದ ಚೀಟಿ ಹಿಡ್ಕೊಂಡು ಕಾಯ್ತಿರ್ತಾರೆ. ಕನ್ನಡಕ ಮರೀಬೇಡಿ. ಪೊರಕೆ ನಮ್ಮ ಹತ್ರ ಬೇಕಾದಷ್ಟಿವೆ.

ಜೈಭೀಮ್.