ಗಟ್ಟಿ ಕೊಳವೆಯ ತೂಕವನ್ನೂ ಕೇಳೋಣ

ಮಾದರಿ ರಾಕೆಟ್ಟಿನ ಕಾಗದದ ಕೊಳವೆಗೆ ಗಾಜಿನ ನಾರಿನ ಬಟ್ಟೆ ಸುತ್ತಿ ಎಪಾಕ್ಸಿ ಬಳಿದರೆ ಅದು ಗಟ್ಟಿಯಾಗುತ್ತದೆ. ಬೋಧನಾಭ್ಯಾಸದಲ್ಲಿ ಇದನ್ನು ಸಿದ್ಧ ಬೋಧನೋಪಕರಣವಾಗಿ ತೋರಿಸಿ ಮುಗಿಸಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ.

ನಾರು ಎಳೆತವನ್ನು ತಾಳುತ್ತದೆ. ಎಪಾಕ್ಸಿ ನಾರುಗಳನ್ನು ಹಿಡಿದಿಟ್ಟು ಭಾರವನ್ನು ಅವುಗಳಿಗೆ ಹಂಚುತ್ತದೆ. ಹಾರುವಾಗ ಕೊಳವೆ ಮಡಚಿಕೊಳ್ಳುವ, ಪ್ಯಾರಾಚೂಟಿನ ದಾರ ಅದರ ಅಂಚನ್ನು ಸೀಳುವ ಸಂಭವ ಕಡಿಮೆಯಾಗುತ್ತದೆ. ಆದರೆ ತೂಕ ಹೆಚ್ಚುತ್ತದೆ. ಮೋಟಾರ್ ಅದೇ ಆಗಿದ್ದರೆ ವೇಗೋತ್ಕರ್ಷ ತಗ್ಗುತ್ತದೆ. ನ್ಯೂಟನ್ನನ ಎರಡನೆಯ ನಿಯಮ ಇರುವುದು ಇಲ್ಲೇ.

ಎಪಾಕ್ಸಿ ಮಕ್ಕಳ ಕೈಗೆ ಬೇಡ. ಗಟ್ಟಿಯಾಗುವ ಮೊದಲು ಅದು ಚರ್ಮಕ್ಕೆ ಅಲರ್ಜಿ ತರಬಲ್ಲದು. ಉಜ್ಜಿದಾಗ ಏಳುವ ಧೂಳು ಉಸಿರಾಟಕ್ಕೆ ಕೆಟ್ಟದ್ದು. ತತ್ತ್ವ ತಿಳಿಸಲು ಹಳೆಯ ಹತ್ತಿ ಬಟ್ಟೆ, ಮೈದಾ ಅಂಟು ಸಾಕು. ಮಕ್ಕಳು ಒಂದೇ ಅಳತೆಯ 2 ಕಾಗದದ ಕೊಳವೆ ಮಾಡಿ, ಒಂದಕ್ಕೆ ಮಾತ್ರ ಬಟ್ಟೆ ಅಂಟಿಸಿ ಒಣಗಿಸಲಿ. ಎರಡನ್ನೂ ತೂಗಲಿ. ಬಳಿಕ ಬೆಂಚುಗಳ ನಡುವೆ ಅಡ್ಡ ಇಟ್ಟು, ಮಧ್ಯಕ್ಕೆ ಭಾರ ನೇತುಹಾಕಿ, ಯಾವುದು ಎಷ್ಟಕ್ಕೆ ಮುರಿದು ಬಾಗಿತೆಂದು ಬರೆದುಕೊಳ್ಳಲಿ.

ಪಾಠ ವೀಕ್ಷಿಸುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಹೊಳೆಯುವ ಮಾದರಿಗೆ ಅಂಕವಿರುವಂತೆ, "ಈ ಬಲಕ್ಕೆ ಎಷ್ಟು ಗ್ರಾಂ ತೆತ್ತೆವು?" ಎಂದು ಮಗು ಕೇಳುವ ಪಾಠಕ್ಕೂ ಅಂಕವಿರಲಿ.