ಸೀರೆಗೆ ಹೆಸರಿದೆ, ನೇಕಾರನಿಗೆ ದನಿ ಬೇಕು

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ದಶಕಕ್ಕೂ ಹೆಚ್ಚು ಕಾಲ ಸಂದಿದೆ. ಈ ಹೆಸರನ್ನು ಅನ್ಯರು ದುರುಪಯೋಗಪಡಿಸಿಕೊಂಡರೆ ಸೆರೆವಾಸ ವಿಧಿಸುವ ಅವಕಾಶವೂ 1999ರ ಕಾಯ್ದೆಯಲ್ಲಿದೆ. ಆದರೆ ಬೆಂಗಳೂರಿನ ಗ್ರಾಹಕರು ಮೊಬೈಲಿನಲ್ಲಿ ಈ ಹೆಸರನ್ನು ಹುಡುಕಿದಾಗ ಎದುರಾಗುವುದು ಬಹುತೇಕ ಅಂಗಡಿಗಳ ಜಾಹೀರಾತು, ನೇಕಾರನ ಮಾತಲ್ಲ. ಹೆಸರು ಊರಿನದು, ದನಿ ಮಾತ್ರ ಮಧ್ಯವರ್ತಿಯದು. ಈ ಅಂತರವನ್ನು ಕಿರುಬ್ಲಾಗ್ ತಾಣಗಳು ಒಂದಿಷ್ಟಾದರೂ ತುಂಬಬಲ್ಲವು ಎಂಬುದು ನನ್ನ ಅಭಿಪ್ರಾಯ. ಆದರೆ ಅವುಗಳನ್ನು ಡಂಗುರದಂತೆ ಬಳಸಿದರೆ ಪ್ರಯೋಜನವಿಲ್ಲ.

ಎರಡು ಉದಾಹರಣೆಗಳನ್ನು ನೋಡೋಣ. 2016ರ ಆಗಸ್ಟ್‌ನಲ್ಲಿ ಅಂದಿನ ಜವಳಿ ಸಚಿವೆ ಸ್ಮೃತಿ ಇರಾನಿಯವರು ಕೈಮಗ್ಗದ ಉಡುಪು ತೊಟ್ಟ ಚಿತ್ರ ಹಾಕುವಂತೆ ಟ್ವಿಟರ್‌ನಲ್ಲಿ ಕರೆ ನೀಡಿದಾಗ ಸಿನಿಮಾ ತಾರೆಯರಿಂದ ಹಿಡಿದು ಸಾಮಾನ್ಯರವರೆಗೆ ಅನೇಕರು ಸ್ಪಂದಿಸಿದರು. 2019ರ ಜುಲೈನಲ್ಲಿ ಸೀರೆಯುಟ್ಟ ಚಿತ್ರಗಳ ಮಹಾಪೂರವೇ ಅಲ್ಲಿ ಹರಿಯಿತು. ಎರಡೂ ಕೆಲವು ದಿನಗಳ ಸಂಭ್ರಮ. ಇದಕ್ಕೆ ಪ್ರತಿಯಾಗಿ, 2014ರಿಂದ 2017ರವರೆಗೆ ರೈಲ್ವೆ ಸಚಿವರಾಗಿದ್ದ ಸುರೇಶ್ ಪ್ರಭು ಅವರ ಅವಧಿಯಲ್ಲಿ ರೈಲ್ವೆ ಇಲಾಖೆ ಅದೇ ಟ್ವಿಟರ್ ಮೂಲಕ ಪ್ರಯಾಣಿಕರ ದೂರುಗಳಿಗೆ ಉತ್ತರಿಸತೊಡಗಿತು. ಜನ ಇಂದಿಗೂ ನೆನೆಯುವುದು ಎರಡನೆಯದನ್ನು. ಕೂಗು ಬೇಗ ಅಡಗುತ್ತದೆ, ಉತ್ತರ ವಿಶ್ವಾಸವಾಗಿ ಉಳಿಯುತ್ತದೆ.

ಕೈಮಗ್ಗದ ವಿಷಯದಲ್ಲಿ ಈ ಪಾಠ ಇನ್ನೂ ಮುಖ್ಯ. ಒಂದು ಸಂದೇಶ ಲಕ್ಷ ಜನರನ್ನು ಕ್ಷಣಮಾತ್ರದಲ್ಲಿ ತಲುಪಬಹುದು. ಒಂದು ರೇಷ್ಮೆ ಸೀರೆ ಮಗ್ಗದಿಂದ ಇಳಿಯಲು ದಿನಗಳೇ ಬೇಕು. ಪ್ರಚಾರದ ವೇಗಕ್ಕೆ ಮಗ್ಗ ಓಡಲಾರದು. ಓಡಿಸಹೊರಟವರು ಕೊನೆಗೆ ವಿದ್ಯುತ್ ಮಗ್ಗದ ಬಟ್ಟೆಯನ್ನೇ ಕೈಮಗ್ಗದ ಹೆಸರಿನಲ್ಲಿ ಮಾರುವಂತಾಗುತ್ತದೆ. ಇನ್ನೊಂದು ಅಪಾಯ ನಕಲಿನದು. ಹೊಸ ಅಂಚು, ಹೊಸ ಸೆರಗಿನ ಸ್ಪಷ್ಟ ಚಿತ್ರವನ್ನು ಜಾಲದಲ್ಲಿ ಹಾಕಿದರೆ ಅದನ್ನು ಗ್ರಾಹಕರಂತೆ ನಕಲುಗಾರರೂ ನೋಡುತ್ತಾರೆ. ಎಲ್ಲವನ್ನೂ ತೋರಿಸಿ ಎಂಬ ನಗರದ ಮಾರುಕಟ್ಟೆ ಪಂಡಿತರ ಸಲಹೆ ನೇಕಾರನ ಪಾಲಿಗೆ ನಷ್ಟದ ಸಲಹೆಯಾದೀತು.

ಹಾಗಾದರೆ ತೋರಿಸಬೇಕಾದುದೇನು? ನೂಲಿನ ಮೂಲ, ನೇಯ್ಗೆಯ ಕ್ರಮ, ತಗಲುವ ದಿನ, ಕೂಲಿಯ ಲೆಕ್ಕ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಮತ್ತು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಎಂದರೇನು, ಅವುಗಳನ್ನು ಗುರುತಿಸುವುದು ಹೇಗೆ ಎಂಬ ತಿಳಿವಳಿಕೆ. ಬಣ್ಣ ಬಿಟ್ಟಿತೆಂದು ದೂರು ಬಂದರೆ ಅದಕ್ಕೊಂದು ನೇರ ಉತ್ತರ. ಎಲ್ಲಕ್ಕಿಂತ ಮಿಗಿಲಾಗಿ, ನೇಯ್ದವರು ಒಪ್ಪಿದರೆ ಅವರ ಹೆಸರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ರಾಜಾಜ್ಞೆಯ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನೂ ಕೊರೆದಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಕುಶಲಕರ್ಮಿಯೊಬ್ಬನಿಗೆ ದಕ್ಕಿದ ಈ ಮರ್ಯಾದೆ ಅದೇ ನೆಲದ ಇಂದಿನ ನೇಕಾರನಿಗೆ ದಕ್ಕಬಾರದೇಕೆ?

ಚಳ್ಳಕೆರೆಯ ಸ್ಥಿತಿ ಸ್ವಲ್ಪ ಭಿನ್ನ. ಶೇಂಗಾ ಮತ್ತು ಎಣ್ಣೆ ಗಿರಣಿಗಳಿಂದ ಹೆಸರಾದ ಈ ಊರಿನ ವ್ಯಾಪಾರ ಸಗಟಿನದು. ಮಂಡಿಯ ವ್ಯವಹಾರ ದೂರವಾಣಿಯಲ್ಲಿ, ಪರಿಚಯದ ಬಲದಲ್ಲಿ ನಡೆಯುತ್ತದೆ. ಅದಕ್ಕೆ ಕಿರುಬ್ಲಾಗ್ ಬೇಕಿಲ್ಲ. ಆದರೆ 1990ರ ದಶಕದಲ್ಲಿ ಖಾದ್ಯ ತೈಲದ ಆಮದು ಸಡಿಲಗೊಂಡು ಅಗ್ಗದ ತಾಳೆ ಎಣ್ಣೆ ಬಂದ ಮೇಲೆ ಶೇಂಗಾ ಎಣ್ಣೆಗೆ ಬೆಲೆಯೊಂದನ್ನೇ ನೆಚ್ಚಿ ಸ್ಪರ್ಧಿಸುವುದು ಕಷ್ಟವಾಗಿದೆ. ಗಾಣದ ಎಣ್ಣೆಯನ್ನು ಹುಡುಕುವ ನಗರವಾಸಿಗೆ ಬೇಕಿರುವುದು ಕಲಬೆರಕೆಯಿಲ್ಲವೆಂಬ ಭರವಸೆ. ಇಲ್ಲಿನ ಕರಿ ಕಂಬಳಿಯ ಮಾತೂ ಅದೇ: ಕುರಿಯ ಉಣ್ಣೆಯೋ ಬೆರಕೆ ನೂಲೋ ಎಂಬ ಪ್ರಶ್ನೆಗೆ ನೇಯ್ದವರೇ ಉತ್ತರಿಸಿದರೆ ಅದರ ತೂಕವೇ ಬೇರೆ.

ಆದರೂ ಒಂದು ಎಚ್ಚರಿಕೆ ಅಗತ್ಯ. ಈ ತಾಣಗಳು ನಮ್ಮ ಸ್ವಂತ ಮಳಿಗೆಗಳಲ್ಲ, ಬಾಡಿಗೆಯ ಜಗಲಿಗಳು. ಬೆಂಗಳೂರಿನಲ್ಲಿ 2020ರಲ್ಲಿ ಆರಂಭವಾದ ‘ಕೂ’ ಮೊದಲು ಮಾತಾಡಿದ್ದೇ ಕನ್ನಡದಲ್ಲಿ. ಇಂಗ್ಲಿಷ್ ಬಾರದವರಿಗೂ ಅಲ್ಲೊಂದು ನೆಲೆ ಸಿಕ್ಕಿತ್ತು. 2024ರ ಜುಲೈನಲ್ಲಿ ಅದು ಮುಚ್ಚಿತು. ಟ್ವಿಟರ್ 2022ರಲ್ಲಿ ಒಡೆಯನನ್ನು ಬದಲಿಸಿತು, 2023ರಲ್ಲಿ ಹೆಸರನ್ನೂ ಬದಲಿಸಿ ‘ಎಕ್ಸ್’ ಆಯಿತು. ಖ್ಯಾತರ ಮತ್ತು ಸಂಸ್ಥೆಗಳ ಗುರುತನ್ನು ಪರಿಶೀಲಿಸಿ ಕೊಡುತ್ತಿದ್ದ ನೀಲಿ ಗುರುತು ಅಲ್ಲಿ ಈಗ ಹಣ ತೆತ್ತವರಿಗೆ ಸಿಗುತ್ತದೆ. ಹೀಗಿರುವಾಗ ಗ್ರಾಹಕರ ವಿಳಾಸ, ದೂರವಾಣಿ ಸಂಖ್ಯೆ, ಕೊಂಡ ಮಾಲಿನ ವಿವರಗಳು ಸಂಘದ ಸ್ವಂತ ದಫ್ತರದಲ್ಲಿ ಇರಲೇಬೇಕು. ಜಗಲಿ ಹೋದರೂ ಗಿರಾಕಿ ಉಳಿಯಬೇಕು.

ಪ್ರತಿ ನೇಕಾರನೂ ಮಗ್ಗ ಬಿಟ್ಟು ಮೊಬೈಲ್ ಹಿಡಿಯಬೇಕೆಂದು ಯಾರೂ ಹೇಳಲಾರರು. ಭೌಗೋಳಿಕ ಸೂಚಕ ಒಬ್ಬನ ಸ್ವತ್ತಲ್ಲ, ಸಮುದಾಯದ ಸ್ವತ್ತು. ಆದುದರಿಂದ ಅದರ ದನಿಯೂ ಸಾಮೂಹಿಕವಾಗಿರಬೇಕು. ನೇಕಾರರ ಸಹಕಾರ ಸಂಘವೊಂದು ಕನ್ನಡ, ತೆಲುಗು, ಇಂಗ್ಲಿಷ್ ಬಲ್ಲ ಸ್ಥಳೀಯ ಪದವೀಧರರೊಬ್ಬರನ್ನು ನೇಮಿಸಿಕೊಂಡು, ಬಂದ ಪ್ರಶ್ನೆಗೆ ಅಂದೇ ಉತ್ತರಿಸುವ ಪದ್ಧತಿ ಇಟ್ಟುಕೊಂಡರೆ ಸಾಕು. ಗಡಿಯಾಚೆಯ ರಾಯದುರ್ಗದ ಗಿರಾಕಿಯೂ ಬೆಂಗಳೂರಿನ ಗಿರಾಕಿಯೂ ಆಗ ಒಂದೇ ಬಾಗಿಲಿಗೆ ಬರುತ್ತಾರೆ. ಕೈಮಗ್ಗ ಇಲಾಖೆ ಉತ್ಸವದ ಚಿತ್ರ ಹಂಚುವುದಕ್ಕಿಂತ ಇಂತಹ ಒಂದು ಹುದ್ದೆಯ ಸಂಬಳಕ್ಕೆ ಮೊದಲ ಕೆಲವು ವರ್ಷ ನೆರವಾಗುವುದು ಲೇಸು. ‘ಇದು ನಿಜವಾಗಿಯೂ ಮೊಳಕಾಲ್ಮೂರಿನದೇ?’ ಎಂದು ಕೇಳುವ ಗ್ರಾಹಕರಿಗೆ ಮೊಳಕಾಲ್ಮೂರಿನಿಂದಲೇ ಉತ್ತರ ಹೋಗುವಂತಾದರೆ ನಕಲಿ ಮಾಲಿನ ದಾರಿ ತಾನಾಗಿಯೇ ಕಿರಿದಾಗುತ್ತದೆ.