ರೋಗವೇ ವೈದ್ಯನಾಗಿ ಬಂದಾಗ



2009ರ ಒಂದು ಸಂಜೆ ನಮ್ಮ ಮನೆಯ ಗಣಕಯಂತ್ರದ ಪರದೆಯ ಮೇಲೆ ಕೆಂಪಕ್ಷರದ ಎಚ್ಚರಿಕೆಯೊಂದು ಮೂಡಿತು. ನೂರಾರು ವೈರಸ್‌ಗಳು ಸೇರಿಕೊಂಡಿವೆ, ಹಣ ಕಟ್ಟಿದರೆ ತೆಗೆಯುತ್ತೇವೆ ಎಂಬುದು ಅದರ ಸಾರ. ‘ಪ್ರಶ್ನಿಸದೆ ಒಪ್ಪಬೇಡಿ’ ಎಂದು ತರಗತಿಯಲ್ಲಿ ಬೋಧಿಸುತ್ತಿದ್ದ ನಾನೇ ಗಾಬರಿಯಿಂದ ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ತುಂಬತೊಡಗಿದ್ದೆ. ಅಷ್ಟರಲ್ಲಿ ಬಂದ ಅಕ್ಕನ ಮಗ ಕೈ ತಡೆದ. “ಮಾವ, ಈ ಎಚ್ಚರಿಕೆಯೇ ವೈರಸ್ಸು!”

ಅವನು ಇಂಟರ್ನೆಟ್ ತಂತಿ ಕಿತ್ತು, ಯಂತ್ರವನ್ನು ಎಫ್8 ಕೀಲಿಯೊತ್ತಿ ‘ಸೇಫ್ ಮೋಡ್’ನಲ್ಲಿ ತೆರೆದು, ಬೇರೆ ಗಣಕದಿಂದ ಪೆನ್‌ಡ್ರೈವಿನಲ್ಲಿ ತಂದ ಅಸಲಿ ತಂತ್ರಾಂಶದಿಂದ ಅದನ್ನು ತೊಲಗಿಸಿದ.

ಇಂತಹ ಜಾಲವೊಂದರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ಮೊಕದ್ದಮೆ ಹೂಡಿತ್ತು. ಮೋಸಹೋದವರು ಹತ್ತು ಲಕ್ಷಕ್ಕೂ ಅಧಿಕವೆಂದು ಅದು ತಿಳಿಸಿತ್ತು. ಅಷ್ಟು ಜನರೂ ದಡ್ಡರೇ? ಅಲ್ಲ, ಭಯ ಬುದ್ಧಿಯನ್ನು ಮಂಕಾಗಿಸುತ್ತದೆ.

ಇಂದು ಅದೇ ಬೆದರಿಕೆ ಮೊಬೈಲಿಗೂ ಬರುತ್ತಿದೆ. ಆದುದರಿಂದ ಕಿರಿಯರಲ್ಲಿ ನನ್ನ ವಿನಂತಿ: ಮೋಸಹೋದ ಹಿರಿಯರನ್ನು ನೋಡಿ ನಗಬೇಡಿ. ನಗೆಗೆ ಅಂಜಿ ಅವರು ವಿಷಯ ಮುಚ್ಚಿಟ್ಟರೆ ನಷ್ಟ ಇಮ್ಮಡಿಯಾದೀತು. ಹಿರಿಯರೇ, ಹಣ ಹೋಗಿದ್ದರೆ ನಾಚದೆ, ತಡಮಾಡದೆ 1930ಕ್ಕೆ ಕರೆಮಾಡಿ.

ಮೊದಲು ಹೆದರಿಸಿ ಆಮೇಲೆ ಹಣ ಕೇಳುವವನು ವೈದ್ಯನಲ್ಲ.